ಪ್ರಾಗ್ ಮುಟ್ಟದ ಕುಣಿತ

ಕಾಫಿಯ ಹಬೆ ಕನ್ನಡಕಕ್ಕೆ ಅಡರಿ ಎಲ್ಲ ಬೆಳ್ಳಗೆ, ಆ ಬಿಳುಪಿನೊಳಗೆ ಹಸಿರು ಸ್ವೆಟರೊಂದು ಬಲದಿಂದ ಎಡಕ್ಕೆ ಜಾರಿಹೋಯಿತು, ವಿನ್ನಿ, ಎಂದುಕೊಂಡೆ, ಇವಳಿಗೆ ಮೇಲೊಂದು ಕೋಟು ಹಾಕಿಕೊಂಡು ಬಾ ಅಂದಿದ್ದೆನಲ್ಲ, ಮರುಕ್ಷಣವೇ ಅಲ್ಲ ಎಂದು ಗೊತ್ತಾಯಿತು, ಸ್ವೆಟರು ಮಾತ್ರ ವಿನ್ನಿಯದು, ಒಳಗಿರುವವಳು ಫೀಬಿ, ಚಿಕ್ಕವಳು, ಉಳಿದವಳು, ತೋಳನ್ನು ಎರಡು ಮಡಿಕೆ ಮಡಚಿದರೂ ಬೆರಳಿನ ತನಕ ಬರುತ್ತದೆ, ಬೆಳೀತೀಯ ಬಿಡು ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ಬೆಳಿಗ್ಗೆ ನುಂಗಿಕೊಂಡೆ, ಬೆಳೆದು ಆ ಸ್ವೆಟರಿಗೆ ಸರಿಯಾಗಿ ಕೂತುಬಿಟ್ಟರೆ ಆಮೇಲೆ ನಾನೇನು ಮಾಡಲಿ—ಅಪ್ಪಾ ನೋಡ್ತಿದ್ದೀಯಾ, ಸ್ಕೇಟಿಂಗ್ ಅಂಗಳದ ಆ ತುದಿಯಿಂದಲೇ ಕೂಗುತ್ತಾಳೆ, ನೋಡ್ತಿದ್ದೀನಿ ಅನ್ನುತ್ತೇನೆ, ಬರೀ ನೋಡಿದ್ರೆ ಸಾಲದು, ಕಾಲು ನೋಡು, ಕಾಲು, ಅನ್ನುತ್ತಾಳೆ. ಕಾಲು ನೋಡುತ್ತೇನೆ. ಬಿಳಿ ಬೂಟು, ಅದರಡಿಯ ಅಲಗು, ಅಲಗಿನ ಹಿಂದೆ ಮಂಜುಗಡ್ಡೆಯ ಮೇಲೆ ಉಗುರಿನಲ್ಲಿ ಗೀರಿದಂಥ ಗೆರೆ. ಹಿಂದಕ್ಕೆ ಹೋಗುತ್ತಿದ್ದಾಳೋ ಮುಂದಕ್ಕೋ ಅದು ಗೊತ್ತಾಗುತ್ತದೆ, ಅದಕ್ಕಿಂತ ಹೆಚ್ಚು ಇಷ್ಟು ವರ್ಷ ಈ ಹಲಗೆಗಳ ಮೇಲೆ ಕೂತರೂ ನನ್ನ ತಲೆಗೆ ಹತ್ತಿಲ್ಲ, ವಿನ್ನಿ ನಗುತ್ತಿದ್ದಳು, ಅಪ್ಪಾ ನೀನು ಯಾವಾಗ್ಲೂ ತಪ್ಪು ಜಾಗದಲ್ಲೇ ಚಪ್ಪಾಳೆ ಹೊಡೀತೀಯ, ಸುಲಭದ್ದಕ್ಕೆ ಹೊಡೀತೀಯ, ಕಷ್ಟದ್ದಕ್ಕೆ ಸುಮ್ನೆ ಕೂತಿರ್ತೀಯ, ಜನ ನನ್ನನ್ನ ನೋಡಿ ನಗಲ್ಲ, ನಿನ್ನ ನೋಡಿ ನಗ್ತಾರೆ. ನಗಲಿ. ಅವಳ ತಾಯಿಗೆ ಎಲ್ಲ ಗೊತ್ತಿತ್ತು, ಲೊರೆಟ್ಟಾ ಪಕ್ಕದಲ್ಲಿ ಕೂತು ಮೊಣಕೈಯಿಂದ ತಿವಿಯುತ್ತಿದ್ದಳು, ಈಗ, ಹೋರೇಸ್, ಈಗ ಹೊಡಿ, ನಾನು ಆಗ ಹೊಡೆಯುತ್ತಿದ್ದೆ. ಈಗ ಈ ಪಕ್ಕ ಖಾಲಿ, ಹಲಗೆ ತಣ್ಣಗೆ.

ನಾಡಿದ್ದು ಶನಿವಾರ ಇಲ್ಲಿ ಜನ ತುಂಬುತ್ತಾರೆ, ಬಾಸ್ಟನ್ನಿನವರೆಲ್ಲ ಬರುತ್ತಾರೆ, ತಂಡ ಹೋಗಿ ಒಂದು ವರ್ಷವಾಯಿತೆಂದು ದೀಪ ಆರಿಸಿ ಎಲ್ಲರ ಹೆಸರು ಓದುತ್ತಾರೆ, ದೇಶದ ತಂಡಕ್ಕೆ ತಂಡವೇ, ಹುಡುಗಿಯರು, ಹುಡುಗರು, ಜೋಡಿಗಳು, ಕಲಿಸುವವರು, ಜೊತೆಗೆ ಹೋದ ತಾಯಂದಿರು, ಪ್ರಾಗಿನಲ್ಲಿ ಜಗತ್ತಿನ ಪಂದ್ಯಕ್ಕೆಂದು ಹೊರಟವರು, ಬ್ರಸೆಲ್ಸಿನಲ್ಲಿ ಇಳಿಯುವ ಹೊತ್ತಿಗೆ ವಿಮಾನ ಯಾವುದೋ ಹೊಲಕ್ಕೆ ಬಿತ್ತು, ಹಗಲಿತ್ತಂತೆ, ಬಿಸಿಲೂ ಇತ್ತಂತೆ, ಯಾಕೆ ಬಿತ್ತೆಂದು ಖಚಿತವಾಗಿ ಹೇಳುವವರು ಇವತ್ತಿನವರೆಗೂ ಯಾರೂ ಸಿಗಲಿಲ್ಲ. ಹೆಸರು ಓದಿ ಮುಗಿದ ಮೇಲೆ ಫೀಬಿ ಒಬ್ಬಳೇ ಅಂಗಳಕ್ಕಿಳಿದು ಅಕ್ಕನ ಕುಣಿತವನ್ನು ಕುಣಿಯುತ್ತಾಳೆ, ವಿನ್ನಿ ಪ್ರಾಗಿನಲ್ಲಿ ಕುಣಿಯಬೇಕಿದ್ದದ್ದನ್ನು. ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಹೋಗಿ ಹೇಳಿದಳು, ಹೊಸದಾಗಿ ಕಲಿಸಲು ಬಂದ ಮಿಸ್ ಒಸ್ಟ್ರಾಂಡರ್ ನನ್ನನ್ನು ಬದಿಗೆ ಕರೆದು ಇದು ಬೇಡ ಅನ್ಸಿದ್ರೆ ಹೇಳಿ ಮಿಸ್ಟರ್ ಟಾಲ್ಮನ್, ಹನ್ನೆರಡು ವರ್ಷದ ಮಗು, ನಾನು ಬಲವಂತ ಮಾಡಲ್ಲ ಅಂದರು, ಬೇಡ ಎನ್ನುವ ಶಕ್ತಿ ನನಗಿರಲಿಲ್ಲ, ಆಗಲಿ ಎನ್ನುವುದಕ್ಕೂ ಇರಲಿಲ್ಲ, ಟೋಪಿ ಕೈಯಲ್ಲಿ ಹಿಡಿದು ತಿರುವುತ್ತಾ ನಿಂತಿದ್ದೆ, ಅದನ್ನೇ ಒಪ್ಪಿಗೆ ಅಂದುಕೊಂಡರು. ಮುಕ್ಕಾಲು ಭಾಗ ಫೀಬಿಗೆ ಬಾಯಿಪಾಠ. ಎರಡು ವರ್ಷ ಅಕ್ಕನ ಹಿಂದೆ ಹಿಂದೆಯೇ ತಿರುಗಿದ ಹುಡುಗಿ, ಅಕ್ಕ ಕೈ ಎತ್ತಿದರೆ ಇವಳು ಹಲಗೆಯ ಮೇಲೆ ಕೂತಲ್ಲೇ ಕೈ ಎತ್ತುತ್ತಿದ್ದಳು. ತೊಡಕಿರುವುದು ಕೊನೆಯಲ್ಲಿ. ಹೊರಡುವ ವಾರದಲ್ಲಿ ಕೋಚ್ ಲಿಂಡ್‌ಗ್ರೆನ್ ಕೊನೆಯನ್ನು ಬದಲಿಸಿದರು, ಅದಕ್ಕೂ ಮುಂಚಿನ ದೇಶದ ಪಂದ್ಯದಲ್ಲಿ, ಟೀವಿಯಲ್ಲಿ ಬಂದದ್ದು ಹಳೆಯ ಕೊನೆ, ಹೊಸದನ್ನು ವಿನ್ನಿ ಇಲ್ಲೇ, ಈ ಅಂಗಳದಲ್ಲೇ ಕಲಿತಳು, ಅಷ್ಟು ದಿನವೂ ಫೀಬಿ ಮಂಗನಬಾವು ಬಂದು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಹಾಸಿಗೆಯಲ್ಲಿ, ಲೊರೆಟ್ಟಾ ಅವಳ ತಲೆದೆಸೆಯಲ್ಲಿ. ಆ ಕೊನೆ ಗೊತ್ತಿದ್ದವಳು ವಿನ್ನಿ, ಗೊತ್ತಿದ್ದವರು ಲಿಂಡ್‌ಗ್ರೆನ್, ಇಬ್ಬರೂ ಒಂದೇ ವಿಮಾನದಲ್ಲಿ. ಅದನ್ನು ಕಣ್ಣಾರೆ ನೋಡಿ ಇನ್ನೂ ಬದುಕಿರುವವನು ನಾನೊಬ್ಬನೇ.

ನೋಡಿದ್ದೇನೆ, ಅದರಲ್ಲಿ ಸುಳ್ಳಿಲ್ಲ. ನಮ್ಮೂರು ವಾಟರ್‌ಟೌನಿನಿಂದ ಕತ್ತಲಿರುವಾಗಲೇ ಹೊರಟು, ಕಾರಿನ ಗಾಜಿನ ಮಂಜು ಕೆರೆದು ಕೆರೆದು, ವಿನ್ನಿ ಪಕ್ಕದಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡು ತಿನ್ನುತ್ತಾ, ಅಪ್ಪಾ ನಿಧಾನ, ನಾನು ಸತ್ರೆ ದೇಶಕ್ಕೆ ನಷ್ಟ ಎಂದು ನಗುತ್ತಾ—ಅಂದಿದ್ದಳು, ಹೌದು, ಹಾಗೇ ಅಂದಿದ್ದಳು, ನಾನೂ ನಕ್ಕಿದ್ದೆ—ಬಂದು ಇದೇ ಹಲಗೆಯ ಮೇಲೆ ಕೂತಿದ್ದೆ. ಲಿಂಡ್‌ಗ್ರೆನ್ ಕುತ್ತಿಗೆಗೆ ಕಂದು ಬಣ್ಣದ ಮಫ್ಲರು ಸುತ್ತಿ ಅಂಗಳದ ನಡುವೆ ನಿಂತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು, ನೆಗಡಿಯಿತ್ತು ಅವರಿಗೆ, ಯೂಕಲಿಪ್ಟಸ್ ಪೆಪ್ಪರ್ಮಿಂಟು ಕೊಟ್ಟದ್ದು ನಾನೇ, ಹಳದಿ ಡಬ್ಬಿಯದು, ನೋಡು, ಅದು ನೆನಪಿದೆ. ಪಿಟೀಲು ಏರಿ ಏರಿ ಒಂದು ಕಡೆ ನಿಂತಂತಾಗಿ ಮತ್ತೆ ಮೆಲ್ಲಗೆ ಶುರುವಾಗುವಲ್ಲಿ ವಿನ್ನಿ ಬಲಗೈ ಎತ್ತುತ್ತಾಳೆ, ಅಲ್ಲಿಯ ತನಕ ಹಳೆಯದೇ, ಅಲ್ಲಿಂದ ಹೊಸದು. ಕೈ ಎತ್ತಿದಳು, ಆಮೇಲೆ? ಬಾಯಲ್ಲಿ ಎಣಿಸಿಕೊಳ್ಳುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು, ಹಣೆಯ ಕೂದಲೊಂದು ಬಾಯಿಗೆ ಬಂದು ಅಂಟಿಕೊಂಡಿತ್ತು, ಫೂ ಎಂದು ಊದಿದಳು, ಉಸಿರು ಹೊಗೆಯಾಗಿ ಹಿಂದಕ್ಕೆ ಹೋಯಿತು. ಹಿಂದಕ್ಕೆ ಹೋಯಿತೆಂದರೆ ಅವಳು ಮುಂದಕ್ಕೆ ಹೋಗುತ್ತಿದ್ದಳು. ಎಡಕ್ಕೆ ಮುಂದೆಯೋ, ಬಲಕ್ಕೆ ಮುಂದೆಯೋ? ತಿರುಗಿದ್ದು ಹೌದು, ತಿರುಗದೆ ಇರುತ್ತಾರೆಯೇ, ಎಷ್ಟು ಸಲ? ಹಾರಿದಳೇ? ಹಾರಿದ್ದರೆ ಅಲಗು ನೆಲ ಮುಟ್ಟುವ ಸದ್ದು ಕಿವಿಯಲ್ಲಿರಬೇಕು, ಇಲ್ಲ, ಕಿವಿಯಲ್ಲಿರುವುದು ಲಿಂಡ್‌ಗ್ರೆನ್ ಮೂಗು ಒರೆಸಿಕೊಂಡ ಸದ್ದು. ಮುಗಿಸಿ ಅಂಗಳದ ಅಂಚಿನ ಅಡ್ಡಗಟ್ಟೆಗೆ ಬಂದು ಒರಗಿ, ಹೇಗಿತ್ತಪ್ಪಾ ಅಂದಳು, ಚೆನ್ನಾಗಿತ್ತು ಅಂದೆ, ನೀನು ಎಲ್ಲಾದಕ್ಕೂ ಚೆನ್ನಾಗಿತ್ತು ಅಂತೀಯ, ಹಳೇದು ಚೆನ್ನಾಗಿತ್ತೋ ಹೊಸದೋ ಹೇಳು, ಎರಡೂ ಅಂದೆ, ದೇವರೇ ಎಂದು ತಲೆ ಚಚ್ಚಿಕೊಂಡು ನೀರು ಕುಡಿಯಲು ಹೋದಳು. ಇಷ್ಟೂ ಇದೆ, ಆಚೆಗಿನದೂ ಇದೆ ಈಚೆಗಿನದೂ ಇದೆ, ನಡುವೆ ಮಾತ್ರ ಯಾರೋ ಹಲ್ಲು ಕಿತ್ತ ಹಾಗೆ. ಕಾಲು ನೋಡಲೇ ಇಲ್ಲ ನಾನು. ಯಾವ ತಂದೆ ಕಾಲು ನೋಡುತ್ತಾನೆ, ಮುಖ ನೋಡುತ್ತಾ ಕೂತಿದ್ದೆ.

ವಿಮಾನ ಬಿದ್ದ ದಿನ ಫೋನು ಬಂದಾಗ ನಾನು ಕೆಳಗಿದ್ದೆ. ಅಂಗಡಿಯ ಒಲೆ ಹೊತ್ತಿಸಲು ಇಳಿದಿದ್ದೆ, ನಮ್ಮದು ಕೆಳಗೆ ಔಷಧದಂಗಡಿ ಮೇಲೆ ಮನೆ, ಮೇಲೆ ಫೋನು ಬಡಿದುಕೊಳ್ಳುವುದು ಕೇಳಿಸಿತು, ಇಷ್ಟು ಬೆಳಿಗ್ಗೆ ಯಾರ ಮನೆಯ ಮಗುವಿಗೆ ಜ್ವರವೋ ಎಂದುಕೊಂಡೆ. ಫೀಬಿ ಎತ್ತಿಕೊಂಡಿದ್ದಾಳೆ, ಮಂಗನಬಾವು ಇಳಿದು ಎರಡು ದಿನದಿಂದ ಮನೆ ತುಂಬ ಓಡಾಡುತ್ತಿದ್ದಳಲ್ಲ, ಅವಳ ದನಿ ಮೆಟ್ಟಿಲಿನಲ್ಲಿ ಸ್ಪಷ್ಟವಾಗಿ ಇಳಿದು ಬರುತ್ತಿತ್ತು, ಹೌದು ವಿನಿಫ್ರೆಡ್ ನಮ್ಮಕ್ಕ, ಹದಿನೇಳು ವರ್ಷ, ಇಲ್ಲ ಮಾರ್ಚ್‌ನಲ್ಲಿ ಹದಿನೆಂಟಾಗುತ್ತೆ, ಟಾಲ್ಮನ್, ಎಲ್ ಒಂದೇ, ಎನ್ ಒಂದೇ, ಹೌದು ಅಮ್ಮನೂ ಜೊತೆಗೆ ಹೋಗಿದ್ದಾರೆ, ಲೊರೆಟ್ಟಾ, ಟಿ ಎರಡು, ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ, ಸ್ಕೂಲಿನಲ್ಲಿ ಟೀಚರಿಗೆ ಹೇಳುವ ಹಾಗೆ, ಅವಳಿಗೆ ಇಷ್ಟ ಏನು ಅಂದ್ರೆ, ಅವಳಿಗೆ ಕೆಂಪು ಜೆಲ್ಲಿ ಇಷ್ಟ, ಬೆಕ್ಕು ಕಂಡ್ರೆ ಸೀನು ಬರುತ್ತೆ, ನಿಮಗೆ ಇಷ್ಟು ಸಾಕಾ? ಆಮೇಲೆ ಬರಿಗಾಲಲ್ಲಿ ದಡದಡ ಇಳಿದು ಬಂದಳು, ಕೆನ್ನೆ ಇನ್ನೂ ಒಂದು ಕಡೆ ಸ್ವಲ್ಪ ಊದಿಯೇ ಇತ್ತು, ಕಣ್ಣು ಹೊಳೆಯುತ್ತಿತ್ತು, ಅಪ್ಪಾ ಪೇಪರಿನವರು, ವಿನ್ನಿ ಬಗ್ಗೆ ಎಲ್ಲಾ ಕೇಳಿದ್ರು, ನಾನು ಎಲ್ಲಾ ಸರಿಯಾಗಿ ಹೇಳಿದೆ, ಪಂದ್ಯ ಇನ್ನೂ ಶುರುವೇ ಆಗಿಲ್ವಲ್ಲಪ್ಪಾ, ಅಷ್ಟರಲ್ಲೇ ಗೆದ್ದುಬಿಟ್ಲಾ? ಕೈಯಲ್ಲಿ ಉರಿಯುವ ಬೆಂಕಿಕಡ್ಡಿ ಇತ್ತು ನನಗೆ. ಪಂದ್ಯ ಶುರುವಾಗಿಲ್ಲ, ಪೇಪರಿನವರು ಕೇಳುತ್ತಾರೆ, ವಯಸ್ಸು ಕೇಳುತ್ತಾರೆ—ಅಷ್ಟು ಸಾಕಾಯಿತು, ರೇಡಿಯೋ ಹಾಕಬೇಕಾಗಿಯೇ ಇರಲಿಲ್ಲ, ಫೀಬಿ ಇನ್ನೂ ನಗುತ್ತಲೇ ನಿಂತಿದ್ದಾಳೆ, ನನ್ನ ಮುಖ ನೋಡಿ ನಗು ಹಾಗೇ ಇದೆ, ನಿಲ್ಲಿಸುವುದು ಹೇಗೆಂದು ಗೊತ್ತಾಗದೆ ಇದೆ. ಕಡ್ಡಿ ಬೆರಳು ಸುಟ್ಟಿತು.

ಅಪ್ಪಾ ಟೈಮು ಆಯ್ತು, ಇನ್ನೊಂದ್ಸಲ ಹಾಕ್ತಾರೆ, ಈ ಸಲ ನೆನಪಾಗುತ್ತೆ ನೋಡು—ಸರಿ ಮಗಳೇ. ಮಿಸ್ ಒಸ್ಟ್ರಾಂಡರ್ ರೆಕಾರ್ಡು ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದಾರೆ. ಪಾಪ, ಅವರೂ ಏನು ಮಾಡಿಯಾರು, ಟೊರಾಂಟೊದಿಂದ ಕರೆಸಿದ್ದಾರೆ, ಇಲ್ಲಿ ಕಲಿಸುವವರೇ ಉಳಿದಿಲ್ಲ, ಪ್ರತಿ ಹುಡುಗಿಯ ತಾಯಿಯೂ ಬಂದು ಲಿಂಡ್‌ಗ್ರೆನ್ ಹೀಗೆ ಹೇಳ್ತಿದ್ರು ಹಾಗೆ ಹೇಳ್ತಿದ್ರು ಅನ್ನುತ್ತಾರೆ, ಇವರು ಹ್ಞೂಂ ಹ್ಞೂಂ ಎಂದು ಕೇಳಿಸಿಕೊಳ್ಳುತ್ತಾರೆ. ಹಳೇ ಕೊನೆಯನ್ನೇ ಮಾಡೋಣ ಫೀಬಿ, ಯಾರಿಗೆ ಗೊತ್ತಾಗುತ್ತೆ ಅಂದರು ಒಂದು ದಿನ, ನಂಗೆ ಗೊತ್ತಾಗುತ್ತೆ ಅಂದಳು ಇವಳು. ಹಾಗಾದ್ರೆ ನಾನೇ ಒಂದು ಹೊಸದು ಕಟ್ಟಿಕೊಡ್ಲಾ? ಅದು ನಿಮ್ದಾಗುತ್ತೆ, ವಿನ್ನೀದಾಗಲ್ಲ. ಈ ಹಟ ತಾಯಿಯದು. ಲೊರೆಟ್ಟಾ ಹೀಗೇ, ಹೊರಟ ದಿನ ರೈಲ್ವೆ ನಿಲ್ದಾಣದಲ್ಲಿ ಗಾಡಿ ಹೊರಡುತ್ತಿದೆ, ನ್ಯೂಯಾರ್ಕಿಗೆ ಹೋಗಿ ಅಲ್ಲಿಂದ ವಿಮಾನ ಹತ್ತಬೇಕು, ಕಿಟಕಿಯಿಂದ ತಲೆ ಹೊರಗೆ ಹಾಕಿ ಫೀಬಿಯ ಜಡೆ ಹೇಗೆ ಸುತ್ತಬೇಕು ಎಂದು ತನ್ನ ತಲೆಯ ಮೇಲೇ ತೋರಿಸುತ್ತಿದ್ದಾಳೆ, ಹೀಗೆ ಹಿಡ್ಕೋ, ಹೀಗೆ ತಿರುಚು, ಒಳಗಿಂದ ಪಿನ್ನು, ಹೊರಗಿಂದಲ್ಲ ಹೋರೇಸ್, ಒಳಗಿಂದ, ಗೊತ್ತಾಯ್ತಾ ಹೇಳು, ಗೊತ್ತಾಯ್ತು ಗೊತ್ತಾಯ್ತು ಅಂದೆ, ಗೊತ್ತಾಗಿಲ್ಲ ನಿಂಗೆ, ಬಂದು ತೋರಿಸ್ತೀನಿ ಬಿಡು, ಅಲ್ಲೀತನಕ ಟೋಪಿ ಹಾಕಿ ಕಳಿಸು. ಇವತ್ತೂ ಟೋಪಿಯೇ. ಬೆಳಿಗ್ಗೆ ಪಿನ್ನು ಹಿಡಿದು ನಿಂತೆ, ಸಾಸಿವೆಯಷ್ಟು ಗುಳಿಗೆ ಎಣಿಸುವ ಬೆರಳು ಇವು, ಮಗುವಿನ ತಲೆಗೆ ಚುಚ್ಚಿದವು, ಬಿಡಪ್ಪಾ, ಟೋಪಿ ಹಾಕ್ಕೋತೀನಿ ಅಂದಳು.

ಎಷ್ಟೋ ತಿಂಗಳು ಆ ಮನೆಯಲ್ಲಿ ಸದ್ದೇ ಇರಲಿಲ್ಲ. ವಿನ್ನಿ ಇದ್ದಾಗ ಮೇಲೆ ಚಾವಣಿ ಕಿತ್ತುಬರುವ ಹಾಗೆ ಹಾರುತ್ತಿದ್ದಳು, ಹಾರಿ ಇಳಿದಾಗಲೆಲ್ಲ ಕೆಳಗೆ ಕಪಾಟಿನಲ್ಲಿ ಸೀಸೆಗಳು ಕಿಣಿಕಿಣಿ ಎನ್ನುತ್ತಿದ್ದವು, ಕೆಮ್ಮಿನ ಔಷಧಕ್ಕೆ ಬಂದ ಮಿಸೆಸ್ ಕಝಾಂಜಿಯನ್ ಮೇಲಕ್ಕೆ ಬೆರಳು ತೋರಿಸಿ, ಏನಯ್ಯಾ, ಮೇಲ್ಗಡೆ ಕುದುರೆ ಕಟ್ಟಿದ್ದೀಯಾ ಅನ್ನುತ್ತಿದ್ದರು, ಪಕ್ಕದ ಬೀದಿಯ ಆರ್ಮೇನಿಯದ ಮುದುಕಿ, ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುವುದು. ಆಮೇಲೆ ಸೀಸೆಗಳು ಸುಮ್ಮನಾದವು. ಆ ಮುದುಕಿಯೊಬ್ಬರೇ ದಿನಾ ಬಾಗಿಲು ತಳ್ಳಿಕೊಂಡು ಬಂದು ಅನ್ನ ಸುತ್ತಿದ ದ್ರಾಕ್ಷಿ ಎಲೆಯ ಪಾತ್ರೆ ಕೌಂಟರಿನ ಮೇಲೆ ಕುಕ್ಕುತ್ತಿದ್ದದ್ದು, ಮಿಕ್ಕವರೆಲ್ಲ ದೇವರು ಅವರನ್ನ ಹತ್ರ ಕರ್ಕೊಂಡ, ಒಳ್ಳೇವರಿಗೇ ಹೀಗಾಗೋದು ಅನ್ನುತ್ತಿದ್ದರೆ ಇವರು ಮಾತ್ರ ತಿನ್ನು ಅನ್ನುತ್ತಿದ್ದರು, ನಾನು ಹಸಿವಿಲ್ಲ ಅಂದರೆ, ಹಸಿವು ಯಾರು ಕೇಳಿದ್ರು ನಿನ್ನ, ಮಗು ನೋಡ್ತಾ ಇದೆ, ತಿನ್ನು. ಒಂದು ಸಲ ಕೇಳಿದೆ, ನಿಮ್ಮವರ ಮುಖ ನೆನಪಿದೆಯೇ ಎಂದು, ಊರು ಬಿಟ್ಟು ಓಡಿಬರುವಾಗ ಇವರು ಹುಡುಗಿ, ಅಣ್ಣಂದಿರು ಯಾರೂ ಉಳಿಯಲಿಲ್ಲವಂತೆ. ಮುದುಕಿ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು, ಅಣ್ಣಂದಿರು ಶೂ ಕಳಚೋ ಸದ್ದು ನೆನಪಿದೆ, ಮುಖ ಕೇಳಬೇಡ, ಅಂದರು. ಸೆಪ್ಟೆಂಬರಿನ ಒಂದು ಸಂಜೆ ಲೆಕ್ಕ ಹಾಕುತ್ತಾ ಕೂತಿದ್ದೆ, ಕಿಣಿ ಎಂದಿತು ಒಂದು ಸೀಸೆ. ತಲೆ ಎತ್ತಲಿಲ್ಲ. ಮತ್ತೊಮ್ಮೆ ಕಿಣಿಕಿಣಿ. ಮೆಟ್ಟಿಲು ಹತ್ತಿ ಬಾಗಿಲ ಸಂದಿಯಿಂದ ನೋಡಿದರೆ ಫೀಬಿ ಬರೀ ಕಾಲುಚೀಲದಲ್ಲಿ, ಕುರ್ಚಿಗಳನ್ನು ಗೋಡೆಗೆ ತಳ್ಳಿ, ಕೈ ಎದೆಗೆ ಕಟ್ಟಿ ಹಾರುತ್ತಿದ್ದಾಳೆ, ಬೀಳುತ್ತಾಳೆ, ಎದ್ದು ಹಾರುತ್ತಾಳೆ, ಅಳುತ್ತಿಲ್ಲ, ಮುಖ ಗಂಟು ಹಾಕಿಕೊಂಡಿದ್ದಾಳೆ. ಸಂತೋಷವಾಗಬೇಕಿತ್ತು, ಆಯಿತೋ ಏನೋ, ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವತ್ತು ಊಟಕ್ಕೆ ಕೂತಾಗಲೇ ಕೇಳಿದ್ದು, ಅಪ್ಪಾ ವಿನ್ನಿಯ ಹೊಸ ಕೊನೆ ಹೇಗಿತ್ತು, ನೀನೊಬ್ನೇ ನೋಡಿರೋದು. ತಾಳು, ಹೇಳ್ತೀನಿ ಅಂದೆ. ಅವತ್ತಿನಿಂದ ತಾಳುತ್ತಿದ್ದಾಳೆ. ಔಷಧ ಅರೆಯುವಾಗ, ಚರ್ಚಿನಲ್ಲಿ, ಸ್ನಾನಕ್ಕೆ ನೀರು ಬಿಟ್ಟುಕೊಂಡು, ಎತ್ತಿದ ಕೈಯಿಂದ ಶುರು ಮಾಡುತ್ತೇನೆ, ತುಟಿ, ಕೂದಲು, ಫೂ, ಹೊಗೆ, ಮುಗಿಯಿತು, ಹೇಗಿತ್ತಪ್ಪಾ. ಯಾವ ಗಿರಾಕಿಗೆ ಯಾವ ಗುಳಿಗೆ ಕೇಳಿ, ಹೇಳುತ್ತೇನೆ.

ರೆಕಾರ್ಡಿನ ಮೇಲೆ ಮುಳ್ಳು ಇಟ್ಟರು. ಕರಕರ, ಆಮೇಲೆ ಪಿಟೀಲು. ಫೀಬಿ ಹೊರಟಳು, ಎಷ್ಟು ಹಗುರ, ತೋಳಿನ ಮಡಿಕೆ ಬಿಚ್ಚಿಕೊಂಡು ಹಸಿರು ಉಣ್ಣೆ ಹಾರಾಡುತ್ತಿದೆ, ಕಾಲು ನೋಡುತ್ತಿದ್ದೇನೆ ಮಗಳೇ, ಕಾಲನ್ನೇ, ಹಿಂದಕ್ಕೆ, ತಿರುವು, ಹಾರಿದಳು, ಟಕ್, ಇಳಿದಳು, ಚಪ್ಪಾಳೆ ಹೊಡೆಯಬೇಕೇನೋ ಇಲ್ಲಿ, ಯಾರೂ ತಿವಿಯಲಿಲ್ಲ, ಕೈ ತೊಡೆಯ ಮೇಲೇ ಉಳಿಯಿತು. ಪಿಟೀಲು ಏರುತ್ತಿದೆ, ಏರಿ ಏರಿ ಅಲ್ಲಿಗೆ ಬರುತ್ತಿದೆ, ಬಾ, ನೆನಪೇ ಬಾ, ನಾನು ಎದ್ದು ನಿಂತಿದ್ದೇನೆ, ಕಾಫಿ ಕಾಲ ಮೇಲೆ ಚೆಲ್ಲಿತು, ಇಳಿದು ಅಡ್ಡಗಟ್ಟೆಗೆ ಹೋಗಿ ಎರಡು ಕೈಯಲ್ಲೂ ಹಿಡಿದುಕೊಂಡೆ, ವಿನ್ನಿ ಒರಗಿದ್ದ ಜಾಗವೋ ಅದರ ಪಕ್ಕದ್ದೋ. ಪಿಟೀಲು ನಿಂತಿತು. ಫೀಬಿ ಬಲಗೈ ಎತ್ತಿದಳು. ಮೆಲ್ಲಗೆ ಮತ್ತೆ ಶುರುವಾಯಿತು, ಅವಳು ಜಾರಿಕೊಂಡು ಬಂದು ಬಂದು ನನ್ನೆದುರಿಗೇ ನಿಂತಳು, ಕೈ ಇಳಿಸಲಿಲ್ಲ, ಅಪ್ಪಾ, ಇಲ್ಲಿಂದ? ಹಾಡು ಹೋಗುತ್ತಿದೆ. ಎಡಕ್ಕೆ ಎಂದರೆ ಎಡಕ್ಕೆ ಹೋಗುತ್ತಾಳೆ, ಬಲಕ್ಕೆ ಎಂದರೆ ಬಲಕ್ಕೆ, ನಂಬಿಬಿಡುತ್ತಾಳೆ, ಶನಿವಾರ ಅಷ್ಟು ಜನರ ಮುಂದೆ ನಂಬಿ ಕುಣಿಯುತ್ತಾಳೆ, ಹೇಳಿಬಿಡಲೇ, ಒಂದು ಮಾತು, ನಾಲಿಗೆಯ ತುದಿಗೆ ಬಂತು, ಎ—ನನಗೆ ನೆನಪಿಲ್ಲ ಫೀಬಿ. ಒಂಚೂರೂ? ಒಂಚೂರೂ ಇಲ್ಲ. ಎಷ್ಟೊಂದು ಸಲ ನೋಡಿದ್ಯಲ್ಲಪ್ಪಾ. ಮುಖ ನೋಡ್ತಿದ್ದೆ, ಅವಳ ಮುಖಾನೇ ನೋಡ್ತಾ ಕೂತಿದ್ದೆ. ಅವಳ ಕೈ ಎತ್ತಿಯೇ ಇತ್ತು, ಮುಖ ಹೇಗಿತ್ತು, ಅದನ್ನಾದ್ರೂ ಹೇಳು, ಅಂದಳು. ಹೇಳಲು ಬಾಯಿ ತೆರೆದೆ. ತುಟಿ ಅಲ್ಲಾಡುತ್ತಿತ್ತು, ಕೂದಲೊಂದು ಬಾಯಿಗೆ—ಯಾರ ತುಟಿ ಇದು, ದುಂಡು ಕೆನ್ನೆ, ಮೂಗಿನ ಮೇಲೆ ಮಚ್ಚೆ, ಇದು ಫೀಬಿಯದು, ಎದುರಿಗೇ ಇದ್ದಾಳಲ್ಲ, ಇವಳ ಹಿಂದೆ ಎಲ್ಲೋ ಇನ್ನೊಂದು ಮುಖ ಇತ್ತು, ಸರಿಯಮ್ಮಾ ಸ್ವಲ್ಪ ಎನ್ನಬೇಕು ಇವಳಿಗೆ, ಸ್ವಲ್ಪ ಪಕ್ಕಕ್ಕೆ ಸರಿ, ಬಂದುಬಿಡುತ್ತದೆ, ಬರಲಿಲ್ಲ, ಬಾಯಿ ತೆರೆದೇ ಇದೆ, ಚಳಿಗಾಳಿ ಹಲ್ಲಿಗೆ ತಾಗುತ್ತಿದೆ.

ಬಿಡಪ್ಪಾ, ಅಳಬೇಡ, ಅಂದಳು ಫೀಬಿ. ನಾನು ಅಳುತ್ತಿದ್ದೇನೆಂದು ಆಗಲೇ ಗೊತ್ತಾದದ್ದು. ತಿರುಗಿ ಆ ಕಡೆ ಕೂಗಿದಳು, ಮಿಸ್ ಒಸ್ಟ್ರಾಂಡರ್, ಇನ್ನೊಂದ್ಸಲ ಹಾಕ್ತೀರಾ, ಇಲ್ಲೀವರೆಗೂ ಬರ್ತೀನಿ, ಇಲ್ಲಿ ನಿಂತ್ಕೋತೀನಿ. ಅವರು, ಹಾಡು ಇನ್ನೂ ತುಂಬಾ ಇದೆಯಲ್ಲಾ ಚಿನ್ನಾ, ಅಷ್ಟು ಹೊತ್ತು ಸುಮ್ನೆ ನಿಂತ್ರೆ ಜನ ಏನಂದ್ಕೋತಾರೆ. ಅಂದ್ಕೊಳ್ಳಲಿ, ಇಷ್ಟೇ ನಮ್ಮತ್ರ ಇರೋದು, ಅಂದಳು. ಮಿಸ್ ಒಸ್ಟ್ರಾಂಡರ್ ನನ್ನ ಕಡೆ ನೋಡಿದರು, ನಾನು ಕನ್ನಡಕ ಒರೆಸಿಕೊಂಡೆ, ಮುಳ್ಳು ಮತ್ತೆ ಮೊದಲಿಗೆ ಹೋಯಿತು, ಕರಕರ, ಪಿಟೀಲು, ಹಿಂದಕ್ಕೆ, ತಿರುವು, ಟಕ್, ಏರುತ್ತಾ ಏರುತ್ತಾ ಬಂದು ಅಂಗಳದ ನಟ್ಟನಡುವೆ ಫೀಬಿ ಬಲಗೈ ಎತ್ತಿ ನಿಂತಳು. ಹಾಡು ಅವಳನ್ನು ದಾಟಿಕೊಂಡು ಹೋಯಿತು. ಅವಳು ಅಲ್ಲೇ. ಈಗ ವಿನ್ನಿ ಎಲ್ಲೋ ಹೋಗುತ್ತಿದ್ದಳು, ಈಗ ತಿರುಗುತ್ತಿದ್ದಳೋ ಏನೋ, ಈಗ ಏನೋ, ಹಾಡು ಹೋಗುತ್ತಲೇ ಇದೆ, ಕೈ ಎತ್ತಿದ್ದು ಎತ್ತಿದ ಹಾಗೇ, ತೋಳು ಜಾರಿ ಮಣಿಕಟ್ಟು ಕಾಣುತ್ತಿದೆ, ಎಲುಬಿನ ಗಂಟು, ಚಳಿಗೆ ಕೆಂಪಾಗಿ, ಎಷ್ಟು ಸಣ್ಣದು, ಇನ್ನೂ ಇದೆ ಹಾಡು, ಬೆರಳು ನಡುಗಲು ಶುರುವಾಗಿದೆ, ಇಳಿಸಮ್ಮಾ, ಇಳಿಸುತ್ತಿಲ್ಲ, ಯಾರಾದರೂ ನಿಲ್ಲಿಸಿ ಅದನ್ನು, ಯಾರೂ ನಿಲ್ಲಿಸುತ್ತಿಲ್ಲ, ಕೈ ನಡುಗುತ್ತಿದೆ, ಎತ್ತಿದ ಕೈ, ಇನ್ನೂ ಇದೆ ಹಾಡು, ಆ ಕೈ